ಬೋರ್ಡಿನ ಮೇಲೆ ಬೋರ್ಡು

ಚಹಾ ಬಂತು. ವಿರೂಪಾಕ್ಷನ ಎದೆ ಧಸಕ್ಕೆಂದಿತು.

ಉಮರ್ಗಾದ ವೈಜಿನಾಥ ತನ್ನ ಮೊಬೈಲ್ ಅಂಗಡಿಯಲ್ಲಿ ಇಷ್ಟು ವರ್ಷ ಅವನಿಗೆ ಬೈಗುಳ ಬಿಟ್ಟು ಬೇರೇನನ್ನೂ ಕೊಟ್ಟವನಲ್ಲ. ಮಾಲು ಯಾಕೆ ಕಳಿಸಲಿಲ್ಲ, ಗಿರಾಕಿ ಬರಿಗೈಲಿ ಹೋದ, ನಿಮ್ಮ ಕಂಪನಿಗೆ ಸೊಕ್ಕು ಬಂದಿದೆ ಎಂದು ಶುರುಮಾಡಿದರೆ ರಸ್ತೆಯವರೆಗೂ ಬಂದು ಬೈಯುತ್ತಿದ್ದ. ಇವತ್ತು ಕುರ್ಚಿ ಒರೆಸಿ ಕೂರಿಸಿದ. ಪಿಂಗಾಣಿ ಕಪ್ಪಿನಲ್ಲಿ ಚಹಾ, ಅದರ ಕೆಳಗೊಂದು ಬಸಿ ಬೇರೆ. ಮನೆ ಕಡೆ ಎಲ್ಲರೂ ಆರಾಮೋ ಎಂದು ವಿಚಾರಿಸಿದ.

ಬೀಳುವ ಕಂಪನಿಯವನಿಗೆ ಮಾತ್ರ ಚಹಾ ಸಿಗುತ್ತದೆ. ಇದು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ಇಲ್ಲ; ಕಲಬುರಗಿಯಲ್ಲಿ ಎಂ.ಎ. ಓದುವಾಗ ಯಾವ ಮೇಷ್ಟರೂ ಹೇಳಿರಲಿಲ್ಲ. ಎರಡು ಕಂಪನಿಗಳು ಕಣ್ಣೆದುರೇ ಬಿದ್ದ ಮೇಲೆ ವಿರೂಪಾಕ್ಷ ತಾನಾಗಿ ಕಲಿತದ್ದು. ಮೇಲಿರುವ ಕಂಪನಿಯವನ ಕೊರಳಪಟ್ಟಿ ಹಿಡಿಯುತ್ತಾರೆ, ಯಾಕೆಂದರೆ ಅವನು ಬೇಕು. ಬೈಗುಳ ನಿಂತು ಕ್ಷೇಮಸಮಾಚಾರ ಶುರುವಾಯಿತೋ, ಸಾವಿನ ಮನೆಗೆ ಬಂದವರಂತೆ ಎಲ್ಲರ ದನಿ ಮೆತ್ತಗಾಗುತ್ತದೆ.

ಈ ಗಡಿಯೂರುಗಳಲ್ಲಿ ಫೋನಿನ ಕಂಪನಿಗಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅಂಗಡಿಯ ಬೋರ್ಡು ಯಾವ ಬಣ್ಣವೋ ಕಂಪನಿಯೂ ಅದೇ. ಕಂಪನಿಯ ಫೋನುಗಳನ್ನು ಅಂಗಡಿಗಳಿಗೆ ಒಪ್ಪಿಸುವ ಕೆಲಸದ ವಿರೂಪಾಕ್ಷ ಮೊದಲು ನೀಲಿಯಲ್ಲಿದ್ದ. ದೇಶದಲ್ಲಿ ನೀಲಿ ಬಿಟ್ಟರೆ ಫೋನೇ ಇಲ್ಲ ಅನ್ನುವ ಕಾಲ ಅದು. ನೀಲಿ ಬಿತ್ತು, ಹಳದಿಗೆ ಹೋದ. ಹಳದಿ ಬಿತ್ತು, ಕೆಂಪಿಗೆ ಬಂದ. ಈಗ ಎಲ್ಲಕ್ಕಿಂತ ಮೇಲಿರುವುದು ಕೆಂಪು. ಮೂರು ಬಣ್ಣಗಳಲ್ಲೂ ಅವನು ಅಂಗಡಿಗಳವರಿಗೆ ಹೇಳಿದ್ದು ಒಂದೇ ವಾಕ್ಯ: ನಮ್ಮ ಕಂಪನಿಗೆ ಇನ್ನು ಯಾರೂ ಸಾಟಿಯಿಲ್ಲ. ಮೂರು ಸಲವೂ ಅದನ್ನು ನಂಬಿಯೇ ಹೇಳಿದ್ದ. ಈಗ ನೆನೆದರೆ ಸುಳ್ಳು ಹೇಳಿದ್ದರೇ ಮರ್ಯಾದೆ ಉಳಿಯುತ್ತಿತ್ತು ಅನಿಸುತ್ತದೆ.

ಬೆಳಿಗ್ಗೆ ಪುಣೆಯ ಆಫೀಸಿನಿಂದ ಮೆಸೇಜು ಬಂದಿತ್ತು. ಮುಂದಿನ ವರ್ಷವೂ ನಾವೇ ಮೇಲಿರುತ್ತೇವೆಯೇ? ನಿಮ್ಮ ಪ್ರದೇಶದ ಉತ್ತರ ಸಂಜೆಯೊಳಗೆ ಬೇಕು. ಜೊತೆಗೆ ನಿಲಂಗಾದ ಮನ್ಮಥಪ್ಪನ ಬೋರ್ಡಿನ ಫೋಟೋ ಇರಲಿ.

ಮನ್ಮಥಪ್ಪನ ಅಂಗಡಿ ನಿಲಂಗಾ ಬಸ್‌ಸ್ಟ್ಯಾಂಡಿಗೆ ಎದುರು. ಹಳ್ಳಿಗಳಿಂದ ಬಂದವರಿಗೆ ಬಸ್ಸಿಳಿದ ಕೂಡಲೇ ಕಾಣುವುದು ಅದರ ನೆತ್ತಿಯ ಬೋರ್ಡು. ಅದು ಯಾವ ಬಣ್ಣಕ್ಕೆ ತಿರುಗಿತೋ ಊರಿನ ಉಳಿದ ಅಂಗಡಿಗಳೂ, ಆಚೆ ಮುರುಮ, ಲೋಹಾರಾದವೂ ತಿಂಗಳೊಪ್ಪತ್ತಿನಲ್ಲಿ ಅದೇ ಬಣ್ಣಕ್ಕೆ ತಿರುಗುತ್ತಿದ್ದವು. ಪುಣೆಯವರಿಗೆ ಮನ್ಮಥಪ್ಪನ ಮುಖ ಗೊತ್ತಿಲ್ಲ, ಬೋರ್ಡು ಗೊತ್ತು.

ವೈಜಿನಾಥ ಗಿರಾಕಿಗಳು ಇಲ್ಲದ್ದನ್ನು ನೋಡಿ ದನಿ ತಗ್ಗಿಸಿದ.

"ಸರ, ನಿಮಗ ಗೊತ್ತೇ ಇರಬೇಕು. ಇವತ್ತ ನಿಲಂಗಾದಾಗ ನೇರಳಿ ಬೋರ್ಡ್ ಏರಸ್ತಾರಂತ. ಮನ್ಮಥಪ್ಪನ ಮಗ ನೀಲೇಶ ಮಾತು ಕೊಟ್ಟಾನ."

"ಗೊತ್ತದರಿ," ಎಂದ ವಿರೂಪಾಕ್ಷ.

ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇರೆ, ಅದು ವೈಜಿನಾಥನಿಗೆ ಗೊತ್ತಿರಲಿಲ್ಲ. ಇದೇ ಮಧ್ಯಾಹ್ನ ಉದಗೀರದಲ್ಲಿ ವಿರೂಪಾಕ್ಷ ನೇರಳೆ ಕಂಪನಿಯ ಕನಕರಾಜನನ್ನು ಕಾಣಬೇಕಿತ್ತು. ಕನಕರಾಜನೇ ಕರೆದಿದ್ದ. ಕೆಂಪಿನ ಕಥೆ ಮುಗಿಯುತ್ತ ಬಂತು, ಮುಳುಗುವ ಮುಂಚೆ ಈ ಕಡೆ ಬನ್ನಿ ಎಂದಿದ್ದ. ಈ ಮಾತನ್ನು ವಿರೂಪಾಕ್ಷ ಹೆಂಡತಿ ಸಾರಿಕಾಗೂ ಹೇಳಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಬೋರ್ಡು ಹೋದರೆ ಪುಣೆಯವರು ಅವನನ್ನು ಇಟ್ಟುಕೊಳ್ಳುವುದಿಲ್ಲ. ಬೋರ್ಡು ಕಳೆದುಕೊಂಡು ಬಂದವನಿಗೆ ಕನಕರಾಜನೂ ಕುರ್ಚಿ ಹಾಕುವುದಿಲ್ಲ. ಬಿಟ್ಟು ಹೋಗಲಿರುವ ಕಂಪನಿಯ ಬೋರ್ಡನ್ನು ಉಳಿಸಿಕೊಟ್ಟರೆ ಮಾತ್ರ ಸೇರಲಿರುವ ಕಂಪನಿಯಲ್ಲಿ ಅವನಿಗೆ ಬೆಲೆ. ಇದರಲ್ಲಿ ಎಲ್ಲೋ ನಗುವ ಸಂಗತಿ ಇದೆ ಎಂದು ವಿರೂಪಾಕ್ಷನಿಗೆ ಅನಿಸಿತು. ಚಹಾ ಪೂರ್ತಿ ಕುಡಿಯದೆ ಎದ್ದ.

ಬೈಕು ಹತ್ತುವ ಮುಂಚೆ ಕೊರಳಲ್ಲಿ ತೂಗುವ ಕಂಪನಿಯ ಗುರುತಿನ ಕಾರ್ಡನ್ನು, ಗಾಳಿಗೆ ಹಾರಿ ಮುಖಕ್ಕೆ ಹೊಡೆಯದಂತೆ, ಅಂಗಿಯೊಳಗೆ ಸೇರಿಸಿದ. ಅದು ದಿನದ ಅಭ್ಯಾಸ. ಕಾರ್ಡು ಎದೆಯ ನಡುವೆ, ಮೊದಲು ಲಿಂಗ ಇರುತ್ತಿದ್ದ ಜಾಗದಲ್ಲೇ ಹೋಗಿ ಕೂತಿತು. ಹುಟ್ಟಿದಾಗ ಅಯ್ಯನವರು ಕಟ್ಟಿದ ಲಿಂಗ. ಮಣ್ಣಿಗೆ ಹೋಗುವವರೆಗೂ ಮೈಮೇಲಿರಬೇಕಾದದ್ದು. ಮಳೆಗಾಲಕ್ಕೆ ಮುಂಚೆ ಶಿವದಾರ ಹರಿದಿತ್ತು. ಸಾರಿಕಾ ಲಿಂಗದ ಕರಡಿಗೆಯನ್ನು ದೇವರ ಮಾಡದಲ್ಲಿಟ್ಟು, ಪೇಟೆಗೆ ಹೋದಾಗ ದಾರ ತನ್ನಿ ಎಂದಿದ್ದಳು. ಅವನು ದಿನವೂ ಪೇಟೆಗೆ ಹೋಗುವವನೇ. ಆಕೆ ಈಗೀಗ ಕೇಳುವುದನ್ನೂ ಬಿಟ್ಟಿದ್ದಳು.

ಕಾಸಾರ ಶಿರಸಿ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಹೂವಿಗೆ ಬಂದ ತೊಗರಿ. ಸೋಯಾಬೀನು ಮುಗಿದಿತ್ತು. ಒಂದು ಹೊಲದಲ್ಲಿ ಹೊಟ್ಟಿನ ಗುಡ್ಡೆಗೆ ಹಳೆ ಬೋರ್ಡಿನ ಫ್ಲೆಕ್ಸ್ ಹೊದಿಸಿ, ಹಾರದಂತೆ ಸುತ್ತಲೂ ಕಲ್ಲು ಹೇರಿದ್ದರು. ಹಳದಿ. ಬಿಸಿಲಿಗೆ ಬಿಳಿಚಿದ ಅಕ್ಷರಗಳಲ್ಲಿ ಭಾರತದ ನಂಬರ್ 1 ಎಂದಿತ್ತು. ಕೋಳಿಯೊಂದು ಆ ಒಂದರ ಮೇಲೆ ನಿಂತು ಕೆದಕುತ್ತಿತ್ತು.

ಪುಣೆಯವರಿಗೆ ಏನು ಬರೆಯುವುದು? ಕಂಪನಿ ಬೀಳುವುದು ಮೇಲಿನಿಂದ ಕಾಣುವುದೇ ಇಲ್ಲ. ನೀಲಿ ಬಿದ್ದ ವರ್ಷವೇ ಅವನಿಗೆ ಉತ್ತಮ ಕೆಲಸಗಾರನೆಂದು ಶಾಲು ಹೊದಿಸಿದ್ದರು. ಆ ಶಾಲಿನ ಫೋಟೋ ಮನೆಯಲ್ಲಿ ಇನ್ನೂ ಇದೆ, ಹಿಂದಿನ ಗೋಡೆಯಲ್ಲಿ ಮಾರಾಟದ ಏರುತ್ತಿರುವ ಗೆರೆ. ಜನ ಒಳ್ಳೆಯದನ್ನು ನೋಡಿ ಕೊಳ್ಳುತ್ತಾರೆ ಎಂದು ಪುಸ್ತಕ ಹೇಳುತ್ತದೆ. ಅವನು ಕಂಡ ಜನ ಅಂಗಡಿಯವ ಕೈಗಿಟ್ಟದ್ದನ್ನು ಕೊಳ್ಳುತ್ತಾರೆ, ಕೊಂಡದ್ದನ್ನು ಒಳ್ಳೆಯದೆನ್ನುತ್ತಾರೆ. ಮಗ್ಗುಲ ಮನೆಯವನ ಕೈಯಲ್ಲಿ ಬೇರೆ ಬಣ್ಣ ಕಾಣುವವರೆಗೆ ಅದು ಒಳ್ಳೆಯದೇ. ಹಾಗಾದರೆ ಎಲ್ಲ ನಿಂತಿರುವುದು ಕೈಗಿಡುವವನ ಮೇಲೆ. ಅವನು ಬೇಸತ್ತ ದಿನ ಎಷ್ಟು ಎತ್ತರದಲ್ಲಿದ್ದರೇನು. ಇದನ್ನು ಬರೆದರೆ ಪುಣೆಯವರು ಕಾರಣ ಕೇಳುತ್ತಾರೆ. ಬೇಸರಕ್ಕೆ ಕಾರಣ ಬರೆಯುವ ಜಾಗ ಅವರ ಫಾರಮ್ಮುಗಳಲ್ಲಿ ಇರಲಿಲ್ಲ.

ನಿಲಂಗಾ ಬಂತು. ಅಂಗಡಿಯ ಮುಂದೆ ಟೆಂಪೋ ನಿಂತಿತ್ತು. ಅದರಲ್ಲಿ ಸುರುಳಿ ಸುತ್ತಿದ ನೇರಳೆ ಫ್ಲೆಕ್ಸು. ಇಬ್ಬರು ಆಗಲೇ ಗೋಡೆಗೆ ಏಣಿ ಹಚ್ಚಿದ್ದರು.

ಮೇಲೆ ಕೆಂಪು ಬೋರ್ಡು ಬಿಸಿಲಿನಲ್ಲಿ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಂದು ಮೂಲೆ ಮಾತ್ರ ಗಾಳಿಗೆ ಹರಿದು, ಒಳಗಿನ ಹಳದಿ, ಅದರ ಒಳಗಿನ ನೀಲಿ ಇಣುಕುತ್ತಿದ್ದವು. ಬೋರ್ಡು ಹಚ್ಚುವವರು ಹಳೆಯದನ್ನು ಬಿಚ್ಚುವುದಿಲ್ಲ. ಅದೇ ಚೌಕಟ್ಟಿಗೆ, ಹಳೆಯದರ ಮೇಲೇ ಹೊಸದನ್ನು ಎಳೆದು ಮೊಳೆ ಹೊಡೆಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆ ಮೂರನ್ನೂ ವಿರೂಪಾಕ್ಷ ಇದೇ ಜಾಗದಲ್ಲಿ ನಿಂತು, ಎಡಕ್ಕೆ, ಬಲಕ್ಕೆ, ಇನ್ನಷ್ಟು ಎಳೀರಿ ಎಂದು ಕೂಗಿ ಹಚ್ಚಿಸಿದ್ದ.

ನೀಲೇಶ ಅವನ ಕಣ್ಣು ತಪ್ಪಿಸಿ ಏಣಿಯ ಕಡೆ ನೋಡಿದ.

"ಬಾಬಾ ಹೂಂ ಅಂದಾರ್ರಿ ಸರ," ಎಂದ, ಅಪ್ಪನ ಮೇಲೆ ಹಾಕಿ.

"ಯಾವಾಗ?"

"ಅಂದಾರ."

ವಿರೂಪಾಕ್ಷ ಒಳಗೆ ಹೋದ. ಮನ್ಮಥಪ್ಪ ದುಡ್ಡಿನ ಗಲ್ಲೆಯ ಹಿಂದೆ, ಕಂಬಳಿ ಹಾಸಿದ ಮಂಚದ ಮೇಲೆ ಕೂತಿದ್ದ. ಹೊತ್ತು ಹುಟ್ಟುವಾಗ, ದೀಪ ಹಚ್ಚುವಾಗ ಅಲ್ಲೇ ಕೂತು ಅವನು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವುದನ್ನು ಊರೇ ಬಲ್ಲದು. ಆ ಹೊತ್ತಿನಲ್ಲಿ ಗಿರಾಕಿ ಬಂದರೂ ಕಾಯಬೇಕು. ಹಣೆಯ ವಿಭೂತಿ ಇನ್ನೂ ಮಾಸಿರಲಿಲ್ಲ. ಹೆಂಡತಿ ರಂಭಾಬಾಯಿ ಪಕ್ಕದಲ್ಲಿ ಕೂತು ಫೋನಿನ ಕವರುಗಳನ್ನು ಒರೆಸಿ ಜೋಡಿಸುತ್ತಿದ್ದಳು.

"ಬರ್ರಿ, ನೀಲಿ ಸರ," ಎಂದ ಮನ್ಮಥಪ್ಪ.

ಅವನಿಗೆ ವಿರೂಪಾಕ್ಷ ಇಂದಿಗೂ ನೀಲಿ ಸರನೇ. ಫೋನಿನಲ್ಲೂ ಹಾಗೇ ಬರೆದಿಟ್ಟಿದ್ದ. ಬಣ್ಣ ಎರಡು ಸಲ ಬದಲಾದರೂ ಅದನ್ನು ತಿದ್ದಿರಲಿಲ್ಲ. ಮೊದಮೊದಲು ವಿರೂಪಾಕ್ಷನಿಗೆ ಅದು ತಮಾಷೆಯಾಗಿ ಕಂಡಿತ್ತು.

ಅವನು ತಯಾರು ಮಾಡಿಕೊಂಡು ಬಂದ ಮಾತುಗಳನ್ನೆಲ್ಲ ಹೇಳಿದ. ಹೊಸ ಮಾದರಿಗಳು ಬರುತ್ತಿವೆ, ದೇಶದಲ್ಲಿ ನಾಲ್ಕು ಫೋನಿಗೆ ಒಂದು ನಮ್ಮದು, ನೇರಳೆಯವರದು ಬರೀ ಗದ್ದಲ. ಮನ್ಮಥಪ್ಪ ತಾಳ್ಮೆಯಿಂದ ಕೇಳಿದ. ನೀಲಿಯ ಕಾಲದಲ್ಲೂ ಹಳದಿಯ ಕಾಲದಲ್ಲೂ ಹೀಗೇ ಕೇಳಿದ್ದ.

ಆಮೇಲೆ ಮನ್ಮಥಪ್ಪ ತನ್ನ ಕಷ್ಟ ಹೇಳಿಕೊಂಡ. ಕಂಪನಿ ಬಿದ್ದರೆ ಕಂಪನಿಗೇನೂ ಆಗುವುದಿಲ್ಲ, ಅದು ಕಾಣುವುದೇ ಇಲ್ಲ. ಫೋನು ಕೆಟ್ಟವರು ಬರುವುದು ತನ್ನ ಹತ್ತಿರ. ಹಳದಿ ಹೋದ ವರ್ಷ ರಿಪೇರಿ ಮಾಡುವ ಸೆಂಟರಿಗೆ ಬೀಗ ಬಿತ್ತು. ನೀನು ಹೇಳಿದ್ದಕ್ಕೆ ತಗೊಂಡೆವು ಎಂದು ಸಂತೆಯಲ್ಲಿ, ಮದುವೆಮನೆಯಲ್ಲಿ ಜನ ಮುಖಕ್ಕೇ ಹೇಳಿದರು. ಒಂದು ಹೆಣ್ಣುಮಗಳು ಸತ್ತ ಗಂಡನ ದನಿ ಅದರಲ್ಲಿದೆ, ಹೇಗಾದರೂ ತೆಗೆದುಕೊಡು ಎಂದು ಬಂದು ಕೂತಳು. ತೆಗೆಯಲಾಗಲಿಲ್ಲ. ಆಕೆ ಬೈಯದೆ ಎದ್ದು ಹೋದಳು. ಅದನ್ನು ಹೇಳುವಾಗ ಮನ್ಮಥಪ್ಪನ ದನಿ ಸ್ವಲ್ಪ ಕೆಟ್ಟಿತು. ವಿರೂಪಾಕ್ಷನಿಗೂ ಕೆಡುಕೆನಿಸಿತು. ಆದರೆ ಅದೇ ಹೊತ್ತಿಗೆ, ಈ ಕಥೆಯನ್ನು ಬಳಸಿಕೊಂಡು ಏನು ಹೇಳಬಹುದು ಎಂದು ತಲೆ ಹುಡುಕುತ್ತಲೂ ಇತ್ತು. ಅದನ್ನು ಗಮನಿಸಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಕಂಪನಿ ಮ್ಯಾಲ ಇರ್ತದೋ ಕೆಳಗ ಬೀಳ್ತದೋ ನನಗ ಬ್ಯಾಡ," ಎಂದ ಮನ್ಮಥಪ್ಪ. "ನೀವ್ ಇರ್ತೀರೇನ್ರಿ? ಮುಂದಿನ ವರ್ಷ ಇದ ಬೋರ್ಡಿನ ಕೆಳಗ ನೀವೇ ಬಂದು ನಿಂದರ್ತೀರೇನು, ಅಷ್ಟ ಹೇಳ್ರಿ."

"ಇರ್ತೀನ್ರಿ ಕಾಕಾ."

"ಹಂಗಲ್ಲ. ನಾವೂ ಲಿಂಗವಂತರು, ನೀವೂ ಲಿಂಗವಂತರು. ಎದಿಮ್ಯಾಲಿನ ಲಿಂಗ ಮುಟ್ಟಿ ಅನ್ರಿ. ನಾ ಈಗಿಂದೀಗ ಟೆಂಪೋ ತಿರುಗಿಸಿ ಕಳಸ್ತೀನಿ."

ಹೊರಗೆ ಏಣಿ ಸರಿದ ಸದ್ದಾಯಿತು.

"ಹೆಸರು ಹೇಳಿ ಅನಬೇಕ್ರಿ," ಎಂದ ಮನ್ಮಥಪ್ಪ. ಆಮೇಲೆ ತುಸು ಸಂಕೋಚದಿಂದ, "ನಿಮ್ಮ ಹೆಸರ ಏನ್ರಿ ಸರ?"

"ವಿರೂಪಾಕ್ಷ."

"ಛಲೋ ಹೆಸರು. ಶಿವನ ಹೆಸರು."

ಲಿಂಗ ಮನೆಯಲ್ಲಿದೆ, ದಾರ ಹರಿದಿದೆ ಎಂದು ಹೇಳಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ವಿರೂಪಾಕ್ಷ ಅದನ್ನೇ ಹೇಳಬೇಕೆಂದು ಬಾಯಿ ತೆರೆದ. ಕೈ ಅಷ್ಟರಲ್ಲಿ ಎದೆಗೆ ಹೋಗಿತ್ತು. ಅಂಗಿಯ ಒಳಗೆ ಗಟ್ಟಿಯಾದದ್ದೇನೋ ಕೈಗೆ ಹತ್ತಿತು. ಮನ್ಮಥಪ್ಪ ಆ ಉಬ್ಬನ್ನೂ, ಅದರ ಮೇಲೆ ಬಿದ್ದ ಕೈಯನ್ನೂ ನೋಡಿ ಕಣ್ಣು ಮುಚ್ಚಿದ. ಮೈಮೇಲೆ ಲಿಂಗವಿಲ್ಲದೆ ಒಬ್ಬ ಲಿಂಗವಂತ ಎದೆ ಮುಟ್ಟಿಕೊಂಡಾನು ಎಂಬುದು ಅವನ ಬುದ್ಧಿಗೆ ಹೊಳೆಯುವಂಥದ್ದಾಗಿರಲಿಲ್ಲ.

"ವಿರೂಪಾಕ್ಷ ಅನ್ನಾಂವ ನಾನು, ಮುಂದಿನ ವರ್ಷನೂ ಇಲ್ಲೇ ಇರ್ತೀನಿ."

ಅಂಗೈಯ ಕೆಳಗೆ ಪ್ಲಾಸ್ಟಿಕ್ಕು ಬೆಚ್ಚಗಿತ್ತು. ಅದರಲ್ಲಿ ಅವನದೇ ಫೋಟೋ, ಮೇಲೆ ಕಂಪನಿಯ ಗುರುತು.

ಮನ್ಮಥಪ್ಪ ತನ್ನ ಎದೆ ಮುಟ್ಟಿ ಹಣೆಗೊತ್ತಿಕೊಂಡ. ಎದ್ದು ಹೊರಗೆ ಹೋಗಿ ಏಣಿ ಇಳಿಸಲು ಹೇಳಿದ. ನೀಲೇಶ ಏನೋ ಅಂದ, ಮರಾಠಿಯಲ್ಲಿ, ಗಟ್ಟಿಯಾಗಿಯೇ. ತಂದೆ ಒಂದೇ ಮಾತಿನಲ್ಲಿ ಮುಗಿಸಿದ: "ಶಬ್ದ ದಿಲಾ." ಮಾತು ಕೊಟ್ಟಾಗಿದೆ. ಟೆಂಪೋ ಹೊಗೆ ಬಿಟ್ಟು ಹೊರಟಿತು.

ರಂಭಾಬಾಯಿ ಮಾತ್ರ ಕೂತಲ್ಲಿಂದ ಎದ್ದಿರಲಿಲ್ಲ. ಕೈಯಲ್ಲಿದ್ದ ಕವರನ್ನು ಒರೆಸುತ್ತ ಅವನ ಕುತ್ತಿಗೆಯ ಹಿಂಭಾಗ ನೋಡುತ್ತಿದ್ದಳು.

"ಕಾಲರ್ ಸರಿ ಮಾಡ್ಕೋರಿ ಸರ," ಎಂದಳು.

ವಿರೂಪಾಕ್ಷ ಮುಟ್ಟಿ ನೋಡಿಕೊಂಡ. ಕಾಲರಿನ ಹೊರಗೆ ಕಾರ್ಡಿನ ಕೆಂಪು ಪಟ್ಟಿ ಬಂದಿತ್ತು. ಒಳಗೆ ತಳ್ಳಿಕೊಂಡ. ಆಕೆ ಮುಂದಿನ ಕವರು ತೆಗೆದುಕೊಂಡಳು.

ಬೋರ್ಡಿನ ಫೋಟೋ ಚೆನ್ನಾಗಿ ಬಂತು, ಹರಿದ ಮೂಲೆಯನ್ನು ಬಿಟ್ಟು ತೆಗೆದ. ಪುಣೆಯಿಂದ ಕೂಡಲೇ ಹೆಬ್ಬೆರಳಿನ ಚಿತ್ರ ಬಂತು. ಅದರ ಹಿಂದೆಯೇ, ಉತ್ತರ?

ದೇವಣಿ ದಾಟಿ ಉದಗೀರ ಮುಟ್ಟುವವರೆಗೂ ವಿರೂಪಾಕ್ಷ ತನ್ನನ್ನು ತಾನು ಸಮಾಧಾನ ಮಾಡಿಕೊಂಡ. ಲಿಂಗವೇ ಇಲ್ಲದ ಮೇಲೆ ಆಣೆ ಎಲ್ಲಿಂದ ಬಂತು? ಪ್ಲಾಸ್ಟಿಕ್ಕು ಮುಟ್ಟಿ ಆಡಿದ್ದು ಬರೀ ಮಾತು. ಈ ವಾದ ಸರಿಯಾಗಿಯೇ ಇತ್ತು. ಸರಿಯಿದ್ದಷ್ಟೂ ಅದು ಅವನನ್ನು ಹೆದರಿಸಿತು. ಲಿಂಗ ಮೈಮೇಲಿದ್ದಿದ್ದರೆ ತಾನು ಸುಳ್ಳು ಹೇಳುತ್ತಿರಲಿಲ್ಲವೇ ಎಂದು ಕೇಳಿಕೊಂಡ. ಪುಣೆಯವರ ಪ್ರಶ್ನೆಯನ್ನೂ ಇದನ್ನೂ ಒಟ್ಟಿಗೇ ಮುಂದೂಡಿ ಬೈಕಿನ ವೇಗ ಹೆಚ್ಚಿಸಿದ.

ಕನಕರಾಜ ಖಾನಾವಳಿಯೊಂದರ ಮೂಲೆಯಲ್ಲಿ ಕಾಯುತ್ತಿದ್ದ. ಆಳಂದ ಕಡೆಯವನು, ಹಳದಿಯ ಕಾಲದಲ್ಲಿ ವಿರೂಪಾಕ್ಷನ ಜೊತೆಗಿದ್ದವನು, ಹಳದಿ ಬೀಳುವ ಮೊದಲೇ ಹೇಗೋ ವಾಸನೆ ಹಿಡಿದು ಹೊರಬಿದ್ದಿದ್ದ. ಟೆಂಪೋ ತಿರುಗಿ ಬಂದ ಸುದ್ದಿ ಅವನಿಗೆ ಮುಟ್ಟಿತ್ತು. ಸಿಟ್ಟಾಗಿರಲಿಲ್ಲ.

"ಭಲೇ," ಎಂದ. "ಇಂಥಾಂವ ನಮಗ ಬೇಕಾಗಿತ್ತು. ಮುದುಕನ ಹ್ಯಾಂಗ ತಿರುಗಿಸಿದ್ರಿ?"

"ಹೇಳಿದೆ, ಕೇಳಿದ."

"ಏನ್ ಹೇಳಿದ್ರಿ?"

"ಇರ್ತೀನಿ ಅಂದೆ."

ಕನಕರಾಜ ನಕ್ಕ. ವಿರೂಪಾಕ್ಷನಿಗೂ ನಗು ಬಂತು. ನಕ್ಕ ಮೇಲೆ ಬಾಯಿಯ ಸ್ನಾಯುಗಳು ಹಾಗೇ ಸ್ವಲ್ಪ ಹೊತ್ತು ನಿಂತವು.

ರೊಟ್ಟಿ, ಶೇಂಗಾ ಹಿಂಡಿ ಬಂತು. ಊಟದ ನಡುವೆ ವಿರೂಪಾಕ್ಷ, ನೇರಳೆ ಎಷ್ಟು ವರ್ಷ ಮೇಲಿರುತ್ತದೆ ಎಂದು ಕೇಳಿದ. ಪ್ರಶ್ನೆ ಪುಣೆಯವರದೇ, ಬಣ್ಣ ಮಾತ್ರ ಬೇರೆ. ಕನಕರಾಜ ರೊಟ್ಟಿ ಮುರಿಯುತ್ತ, ಮೇಲೆ ಅನ್ನುವುದು ಒಂದು ಕುರ್ಚಿ, ಅದು ಎಂದೂ ಖಾಲಿ ಇರುವುದಿಲ್ಲ, ಕೂತವನ ಬಗ್ಗೆ ತಲೆ ಕೆಡಿಸಿಕೊಂಡರೆ ನಮ್ಮ ಹೊಟ್ಟೆ ತುಂಬುವುದಿಲ್ಲ ಎಂದ. ಹೇಳುವಾಗ ಅವನ ಮುಖದಲ್ಲಿ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಇಷ್ಟು ಹಗುರವಾಗಿರಲು ಅವನು ಎಲ್ಲಿ ಕಲಿತನೋ ಎಂದು ವಿರೂಪಾಕ್ಷನಿಗೆ ಹೊಟ್ಟೆಕಿಚ್ಚಾಯಿತು.

ಕೈ ತೊಳೆದು ಬಂದ ಕನಕರಾಜ ಚೀಲದಿಂದ ಒಂದು ಕಾರ್ಡು ತೆಗೆದ. ನೇರಳೆ ಪಟ್ಟಿ. ಅದರಲ್ಲಿ ಆಗಲೇ ವಿರೂಪಾಕ್ಷನ ಹೆಸರು, ಫೋಟೋ. ಫೋಟೋ ಹಳದಿಯ ಕಾಲದ್ದು. ಕೂದಲು ತುಂಬ ಇತ್ತು. ಅಯ್ಯನವರು ಮಗುವಿಗೆ ಲಿಂಗ ಕಟ್ಟುವಂತೆ ಕನಕರಾಜ ಎರಡೂ ಕೈಯಿಂದ ಪಟ್ಟಿಯನ್ನು ಅವನ ತಲೆಯ ಮೇಲಿಂದ ಇಳಿಸಿ ಕೊರಳಿಗೆ ಹಾಕಿದ.

"ಮೊದಲ ಕೆಲಸ ಮನ್ಮಥಪ್ಪ. ನಾಳೆ ಮುಂಜಾನೆ ಟೆಂಪೋ ಮತ್ತ ಬರ್ತದ. ನೀವೇ ನಿಂತು ಹಚ್ಚಸ್ರಿ. ಹಳೇದು ತೆಗಿಯೂದ ಬ್ಯಾಡ, ಅದರ ಮ್ಯಾಲೇ."

"ಒಂದೆರಡು ದಿನ ಕೊಡ್ರಿ."

"ಕೊಡಲಿಕ್ಕ ಬರಾಂಗಿಲ್ಲ. ಮನಿಗಿ ಹೋಗಿ ಫೋನ್ ಮಾಡ್ರಿ. ಕಾರ್ಡ್ ನಿಮ್ಮ ಕಡೆನೇ ಇರಲಿ."

ವಿರೂಪಾಕ್ಷ ಕಾರ್ಡನ್ನು ತೆಗೆದು ಕೊಡಬೇಕೆಂದುಕೊಂಡ. ಬೈಕಿನ ಹತ್ತಿರ ಬಂದಾಗ ಅದು ಕೊರಳಲ್ಲೇ ಇತ್ತು. ಗಾಳಿಗೆ ಹಾರದಂತೆ ಅಂಗಿಯೊಳಗೆ ಸೇರಿಸಿದ.

ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವನ ತಂದೆ ಹೇಳುತ್ತಿದ್ದರು. ಅವರು ಒಂದೇ ಶಾಲೆಯಲ್ಲಿ ಮೇಷ್ಟರಾಗಿದ್ದು ಅಲ್ಲೇ ನಿವೃತ್ತರಾದವರು. ಅವರಿಗೆ ಹೇಳುವುದು ಸುಲಭ. ಉಂಡ ಮನೆಯೇ ಪ್ರತಿಸಲ ಮೊದಲು ಎದ್ದು ಹೋದರೆ ಬಗೆಯುವುದು ಯಾರಿಗೆ? ದಾರಿಯುದ್ದಕ್ಕೂ ಸತ್ತ ತಂದೆಯ ಜೊತೆ ವಾದಿಸಿದ. ಗೆದ್ದ. ಗೆದ್ದ ಮೇಲೂ ನಿಲಂಗಾ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು ತಾನಾಗಿ ನಿಧಾನವಾಯಿತು.

ಹೊತ್ತು ಮುಳುಗುತ್ತಿತ್ತು. ರಸ್ತೆಯ ಈಚೆ ಬೈಕು ನಿಲ್ಲಿಸಿ ನಿಂತ. ಸುತ್ತಲೂ ಬಸ್ಸಿಗೆ ಕಾಯುವವರು ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ತಲೆ ಬಾಗಿಸಿ, ಫೋನಿನ ಬೆಳಕನ್ನು ದಿಟ್ಟಿಸುತ್ತಿದ್ದರು. ಆಚೆ ಅಂಗಡಿಯಲ್ಲಿ, ಗಲ್ಲೆಯ ಹಿಂದೆ, ಮನ್ಮಥಪ್ಪನೂ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತಲೆ ಬಾಗಿಸಿ ಕೂತಿದ್ದ. ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಅವನ ಅಂಗೈ ಮಾತ್ರ ಬೆಳಗುತ್ತಿರಲಿಲ್ಲ.

ಈಗ ಹೇಳಿಬಿಡಬೇಕು ಎನಿಸಿತು ವಿರೂಪಾಕ್ಷನಿಗೆ. ಬೆಳಿಗ್ಗೆ ಮುಟ್ಟಿದ್ದು ಲಿಂಗವಲ್ಲ, ನನ್ನ ಮಾತಿಗೆ ಬೋರ್ಡು ಇಟ್ಟುಕೊಳ್ಳಬೇಡಿ. ಅಷ್ಟು ಸಾಕು. ನಾಳೆ ಟೆಂಪೋ ಯಾರು ತಂದರೂ ತರಲಿ. ರಸ್ತೆ ದಾಟಿ ಹೋಗಿ ಹೇಳುವ ಧೈರ್ಯವಾಗದೆ ಫೋನು ತೆಗೆದು ಮನ್ಮಥಪ್ಪನ ನಂಬರು ಒತ್ತಿದ.

ಅದೇ ಹೊತ್ತಿಗೆ ನೀಲೇಶ ಸ್ವಿಚ್ಚು ಹಾಕಿದ. ಬೋರ್ಡಿನ ಹಿಂದಿನ ಕೊಳವೆ ದೀಪಗಳು ಮಿಣುಕಿ ಹತ್ತಿದವು. ಹಗಲೆಲ್ಲ ಕೆಂಪಾಗಿ ನಿಂತಿದ್ದ ಬೋರ್ಡಿನ ಒಳಗಿಂದ ಹಳದಿಯ ಅಕ್ಷರಗಳು ಎದ್ದವು, ಅವುಗಳ ಒಳಗಿಂದ ನೀಲಿಯವು. ಮೂರು ಹೆಸರುಗಳು ಒಂದರ ಹೊಟ್ಟೆಯಲ್ಲಿ ಒಂದು ಹೊಕ್ಕು, ಮೂರು ಬಣ್ಣಗಳು ಕಲೆತು ಕೆಸರಿನಂಥ ಒಂದು ಕಂದು ಬಣ್ಣವಾಗಿ, ಯಾವ ಕಂಪನಿಯ ಅಂಗಡಿಯೆಂದು ಓದಲು ಬರದಂತಾಯಿತು. ಇಷ್ಟು ವರ್ಷ ಹಗಲು ಬಂದು ಹಗಲೇ ಹೋಗುತ್ತಿದ್ದ ವಿರೂಪಾಕ್ಷ ಅದನ್ನು ಎಂದೂ ನೋಡಿರಲಿಲ್ಲ.

ಕಿವಿಯಲ್ಲಿ ರಿಂಗಾಗುತ್ತಿತ್ತು. ಆಚೆ ಗಲ್ಲೆಯ ಗಾಜಿನ ಮೇಲೆ ಒಂದು ಫೋನು ಬೆಳಗಿತು. ಪರದೆಯ ಮೇಲೆ ಯಾವ ಹೆಸರು ಮೂಡಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಮನ್ಮಥಪ್ಪ ತಲೆಯೆತ್ತಲಿಲ್ಲ. ರಂಭಾಬಾಯಿ ಬಗ್ಗಿ ನೋಡಿದಳು. ಆಮೇಲೆ ರಸ್ತೆಯ ಈ ಕಡೆ ನೋಡಿದಳೋ, ಬರುವ ಬಸ್ಸನ್ನು ನೋಡಿದಳೋ. ಫೋನನ್ನು ಮೆಲ್ಲಗೆ ಎತ್ತಿ, ಪೂಜೆಗೆ ಅಡ್ಡಿಯಾಗದಂತೆ, ಬೋರಲು ಹಾಕಿದಳು.

ಅದರ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಇನ್ನೂ ನಡುಗುತ್ತಿತ್ತು. ವಿರೂಪಾಕ್ಷ ಕಿವಿಯಿಂದ ಫೋನು ತೆಗೆಯಲಿಲ್ಲ. ಅವನ ಇನ್ನೊಂದು ಕೈ ಎದೆಗೆ ಹೋಯಿತು. ಅಂಗಿಯ ಒಳಗೆ ಎರಡು ಕಾರ್ಡುಗಳು ಒಂದಕ್ಕೊಂದು ತಾಗಿ ಟಕ್ಕೆಂದವು. ಒಂದನ್ನು ಹಿಡಿದ, ಬಿಟ್ಟ, ಇನ್ನೊಂದನ್ನು ಹಿಡಿದ. ಎರಡೂ ನುಣ್ಣಗೆ, ಎರಡೂ ಮೈಯ ಬಿಸಿಗೆ ಬೆಚ್ಚಗೆ. ಯಾವುದು ಯಾವುದೆಂದು ಬೆರಳಿಗೆ ತಿಳಿಯಲಿಲ್ಲ.